ಪೂರ್ವಕ್ಕೆ ವಾಲಿದ ನಕ್ಷೆ: ಬೆಂಗಳೂರಿನ ಭೂಗೋಳ ಅಧ್ಯಯನದ ಹಾದಿ

ಭೂಗೋಳಶಾಸ್ತ್ರ ಎಂದರೆ ಉಪಗ್ರಹ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ಕೆಲಸ ಎಂಬ ನಂಬಿಕೆ ಈಗ ಬಲವಾಗಿದೆ. ಬೆಂಗಳೂರು ಎಂದರೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ಎಂಬ ನಂಬಿಕೆಯೂ ಅದರ ಜೊತೆಗೇ ಬೆಳೆದಿದೆ. ಇವೆರಡರ ನಡುವೆ, ಈ ಊರನ್ನು ಬೀದಿ ಬೀದಿ ನಡೆದು ಅರಿತವರ ಕೆಲಸ ಮರೆತೇಹೋಗಿದೆ.

ಆರಂಭದ ಕಥೆ ಚಿಕ್ಕದು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಭೂಮಾಪನದ ಆಧಾರರೇಖೆ ಅಳೆದ. ಅದೇ ವರ್ಷ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಬೆಳೆ, ಕಸುಬುಗಳನ್ನು ಬರೆದುಕೊಳ್ಳುತ್ತ ಹೊರಟ. ಆಮೇಲೆ ಬಿ. ಎಲ್. ರೈಸ್‌ನ ಗೆಜೆಟಿಯರ್ ಬಂತು. ಎಲ್ಲವೂ ಆಡಳಿತಕ್ಕೆ ಬೇಕಾದ ಲೆಕ್ಕ. 1948ರಲ್ಲಿ ಧಾರವಾಡದಿಂದ ಹೊರಬಂದ ಸಿ. ಡಿ. ದೇಶಪಾಂಡೆಯವರ ‘ವೆಸ್ಟರ್ನ್ ಇಂಡಿಯಾ’ದಲ್ಲಿ ಮಾತ್ರ ಪ್ರದೇಶವನ್ನು ಪ್ರದೇಶವಾಗಿಯೇ ನೋಡುವ ಕಣ್ಣಿತ್ತು.

ನಗರದ ಅಧ್ಯಯನಕ್ಕೆ ಒತ್ತಡ ಬಂದದ್ದು ಜನಸಂಖ್ಯೆಯಿಂದ. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರು 1951ಕ್ಕೆ 7.8 ಲಕ್ಷ ಮುಟ್ಟಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿನಡಿ ಬಂದವು. ಅಮೆರಿಕದ ಭೂಗೋಳಶಾಸ್ತ್ರಜ್ಞ ಜಾನ್ ಬ್ರಷ್ 1962ರಲ್ಲಿ ಭಾರತದ ನಗರಗಳ ರಚನೆ ಕುರಿತು ಬರೆದ ಪ್ರಬಂಧ, ಕಿಕ್ಕಿರಿದ ಹಳೆಯ ಊರು ಮತ್ತು ಅದರ ಪಕ್ಕದ ವಿಶಾಲ ದಂಡುಪ್ರದೇಶಗಳ ಜೋಡಿಯನ್ನು ಗುರುತಿಸಿತು. ಒಳ್ಳೆಯ ಚೌಕಟ್ಟು. ಆದರೆ ಕಾರ್ಖಾನೆಗಳ ಸುತ್ತ ಬೆಳೆದ ರಾಜಾಜಿನಗರ ಅದರೊಳಗೆ ಕೂರುವುದಿಲ್ಲ.

ಅದೇ ಹೊತ್ತಿಗೆ ಭಾರತದ ಸಂಸ್ಥೆಗಳಿಂದಲೂ ಕೆಲಸ ಹೊರಬಂತು. ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಪರವಾಗಿ ಲರ್ಮಂತ್ ಮತ್ತು ಎಲ್. ಎಸ್. ಭಟ್ 1961-62ರಲ್ಲಿ ಮೈಸೂರು ರಾಜ್ಯದ ಸಂಪನ್ಮೂಲ ಅಟ್ಲಾಸನ್ನೂ ಅದರ ವಿವರಣಾ ಸಂಪುಟವನ್ನೂ ತಂದರು. 1964ರಲ್ಲಿ ಬನಾರಸಿನ ಆರ್. ಎಲ್. ಸಿಂಗ್ ಅವರ ‘ಬೆಂಗಳೂರು: ಆ್ಯನ್ ಅರ್ಬನ್ ಸರ್ವೆ’, ವಿ. ಎಲ್. ಎಸ್. ಪ್ರಕಾಶರಾವ್ ಅವರ ‘ಟೌನ್ಸ್ ಆಫ್ ಮೈಸೂರ್ ಸ್ಟೇಟ್’ ಎರಡೂ ಬಂದವು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯವೂ ಹುಟ್ಟಿತು.

1972ರಲ್ಲಿ ವಿ. ಕೆ. ಆರ್. ವಿ. ರಾವ್ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಸ್ಥಾಪಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಪಕ್ಕದಲ್ಲೇ, ನಾಗರಭಾವಿಯಲ್ಲಿ ನೆಲೆಯೂರಿದ ಈ ಸಂಸ್ಥೆಯಲ್ಲಿ ಪ್ರಕಾಶರಾವ್ ಮತ್ತು ವಿ. ಕೆ. ತೆವಾರಿ ಸೇರಿ ‘ದಿ ಸ್ಟ್ರಕ್ಚರ್ ಆಫ್ ಆ್ಯನ್ ಇಂಡಿಯನ್ ಮೆಟ್ರೋಪಾಲಿಸ್’ ಸಿದ್ಧಪಡಿಸಿ 1979ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಮೇಲೆ ಬಂದ ಭೂಗೋಳ ಗ್ರಂಥಗಳಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಕುಟುಂಬಗಳ ಸಮೀಕ್ಷೆಯನ್ನು ಸಂಖ್ಯಾಶಾಸ್ತ್ರದೊಂದಿಗೆ ಕೂಡಿಸಿ, ಯಾರು ಎಲ್ಲಿ ನೆಲೆಸಿದ್ದಾರೆ, ಕೆಲಸಕ್ಕೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದ ಪುಸ್ತಕವದು. ಇಂದಿನ ಮಾದರಿಗಳಲ್ಲಿ ಬಣ್ಣ ಹೆಚ್ಚು, ಈ ಪ್ರಶ್ನೆ ಕಡಿಮೆ.

ನೆಲದ ಮೇಲೆ ನಡೆಯುವುದು ಯಾಕೆ ಬೇಕು ಎಂಬುದಕ್ಕೆ ವೃಷಭಾವತಿ ಕಣಿವೆಯೇ ಸಾಕ್ಷಿ. ಬೆಂಗಳೂರಿನ ಏಣಿನ ಪಶ್ಚಿಮಕ್ಕೆ ಬಿದ್ದ ಮಳೆ ಈ ಕಣಿವೆಗೆ ಇಳಿದು ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಪೂರ್ವದ ನೀರು ದಕ್ಷಿಣ ಪಿನಾಕಿನಿಯದು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸಮೋನ್ನತ ರೇಖೆಗಳ ಅಂತರ 20 ಮೀಟರ್. ಒಂದೆರಡು ಮೀಟರ್ ತಗ್ಗಿನಲ್ಲಿ ಹರಿಯುವ ರಾಜಕಾಲುವೆ ಆ ರೇಖೆಗಳ ನಡುವೆ ಕಾಣೆಯಾಗುತ್ತದೆ. ಅದನ್ನು ಹುಡುಕಬೇಕಾದರೆ ಕಂದಾಯ ಇಲಾಖೆಯ ಗ್ರಾಮ ನಕಾಶೆ ಹಿಡಿದು, ಸರ್ವೆ ನಂಬರು ನೋಡುತ್ತ, ಮೈಸೂರು ರಸ್ತೆಯ ಮೆಟ್ರೋ ಕಂಬಗಳ ಕೆಳಗೆ ನೊರೆ ಹೊತ್ತ ನೀರಿನ ದಂಡೆಗುಂಟ ಹೋಗಬೇಕು. ಮೂರು ನಾಲ್ಕು ದಶಕದ ಹಿಂದೆ ಪ್ರಿಸ್ಮ್ಯಾಟಿಕ್ ಕಂಪಾಸ್, ಪ್ಲೇನ್ ಟೇಬಲ್ ಹೊತ್ತು ಕಲಿತವರಿಗೆ ಇದು ಸಹಜ ಅಭ್ಯಾಸವಾಗಿತ್ತು.

ಈ ಶತಮಾನದಲ್ಲಿ ಬೇರೆ ಶಿಸ್ತಿನವರು ಭೂಗೋಳದ ಕೆಲಸ ಕೈಗೆತ್ತಿಕೊಂಡಿದ್ದಾರೆ: ಇತಿಹಾಸಕಾರ್ತಿ ಜಾನಕಿ ನಾಯರ್ 2005ರಲ್ಲಿ, ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ 2016ರಲ್ಲಿ ಬೆಂಗಳೂರಿನ ಮೇಲೆ ಗಂಭೀರ ಗ್ರಂಥಗಳನ್ನು ಕೊಟ್ಟರು. ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿಯ ಭೂಗೋಳಶಾಸ್ತ್ರಜ್ಞೆ ಮಾಲಿನಿ ರಂಗನಾಥನ್ 2015ರಲ್ಲಿ ಈ ಊರಿನ ಮಳೆನೀರ ಕಾಲುವೆಗಳನ್ನೂ ಪ್ರವಾಹದ ರಾಜಕೀಯವನ್ನೂ ಒಟ್ಟಿಗೆ ಓದಿ ತೋರಿಸಿದರು. ಕಾಲುವೆಯ ಕಥೆ ಸಾಗರದಾಚೆಯಿಂದ ಬರೆದು ಬಂದಾಗ ಕಾಲುವೆ ಪಕ್ಕದ ತರಗತಿಗಳು ಏನು ಮಾಡುತ್ತಿದ್ದವು ಎಂದು ಕೇಳಲೇಬೇಕು.

ನಕ್ಷೆ ಪೂರ್ವಕ್ಕೆ ವಾಲಿದ್ದರಿಂದ ಪಶ್ಚಿಮ ಭಾಗದ ಪೀಣ್ಯದ ಸಣ್ಣ ವರ್ಕ್‌ಶಾಪುಗಳು, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಂಗಸರು ಬಾಡಿಗೆಗಿರುವ ವಠಾರಗಳು, ಕೆಂಗೇರಿಯ ಸುತ್ತ ಬಡಾವಣೆಯೊಳಗೆ ಸಿಕ್ಕಿಕೊಂಡ ಹಳ್ಳಿಗಳು ಇವೆಲ್ಲಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಮೇಲೆ ಹೆಸರಿಸಿದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ ಬರೆದವು. 1979ರ ಪುಸ್ತಕದ ಪ್ರಶ್ನೆಗಳನ್ನು ಇಟ್ಟುಕೊಂಡು ವಿಜಯನಗರ, ಬಸವೇಶ್ವರನಗರಗಳ ಮನೆಗಳಿಗೆ ಹೋಗುವುದು ಜ್ಞಾನಭಾರತಿಯ ವಿದ್ಯಾರ್ಥಿಗಳಿಗೆ ಒಂದು ಬಸ್ಸಿನ ದೂರದ ಕೆಲಸ. ಅದರ ವರದಿ ಕನ್ನಡದಲ್ಲೇ ಇರಲಿ.