ದೇವರೊಡನೆ ಜಗಳವಾಡಿದ ನಂಬಿಕೆ

1630ರಿಂದ 1632ರವರೆಗೆ ದಖ್ಖನ್ ಹಾಗೂ ಗುಜರಾತ್ ಪ್ರಾಂತಗಳನ್ನು ಘೋರ ಕ್ಷಾಮವೊಂದು ಆವರಿಸಿತು. ಮಳೆ ಕೈಕೊಟ್ಟಿತ್ತು, ಅದೇ ಹೊತ್ತಿಗೆ ಶಹಜಹಾನನ ಸೈನ್ಯ ಬುರ್ಹಾನ್‌ಪುರದಲ್ಲಿ ಬೀಡುಬಿಟ್ಟು ದಖ್ಖನ್ನಿನ ಮೇಲೆ ಯುದ್ಧ ಹೂಡಿತ್ತು. ಹಿಟ್ಟಿಗೆ ಸತ್ತವರ ಎಲುಬಿನ ಪುಡಿ ಬೆರೆಸಿ ಮಾರುತ್ತಿದ್ದರೆಂದು ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ಬರೆದಿದ್ದಾನೆ. ಸೂರತ್‌ನಿಂದ ಆಗ್ರಾಕ್ಕೆ ಹೊರಟ ಇಂಗ್ಲಿಷ್ ವರ್ತಕ ಪೀಟರ್ ಮಂಡಿ ಹಾದಿಯುದ್ದಕ್ಕೂ ಹೆಣಗಳನ್ನು ಕಂಡ.

ಪುಣೆಗೆ ಸಮೀಪ, ಇಂದ್ರಾಯಣಿ ತೀರದ ದೇಹೂ ಗ್ರಾಮದಲ್ಲಿ ಆಗ ತುಕಾರಾಮನೆಂಬ ತರುಣ ವ್ಯಾಪಾರಿಯಿದ್ದ. ಜನನ 1608ರಲ್ಲಿ ಎಂಬ ಪ್ರಚಲಿತ ಗಣನೆಯನ್ನು ಒಪ್ಪಿದರೆ, ಅವನಿಗಿನ್ನೂ ಇಪ್ಪತ್ತೆರಡರ ಆಸುಪಾಸು. ತಂದೆ ತಾಯಿ ತೀರಿಹೋಗಿದ್ದರು. ಕ್ಷಾಮದಲ್ಲಿ ಅಂಗಡಿ ದಿವಾಳಿಯೆದ್ದಿತು, ಮಾನ ಹೋಯಿತು. ಮೊದಲ ಹೆಂಡತಿ ರಖುಮಾಬಾಯಿ ಅನ್ನವಿಲ್ಲದೆ ಸತ್ತಳು. ಮಗ ಸಂತುವೂ ಉಳಿಯಲಿಲ್ಲವೆಂದು ಪರಂಪರೆ ಹೇಳುತ್ತದೆ. ತನಗೆ ಬರಬೇಕಾಗಿದ್ದ ಸಾಲದ ಪತ್ರಗಳಲ್ಲಿ ತಮ್ಮನ ಪಾಲನ್ನು ಅವನಿಗೆ ಕೊಟ್ಟು, ಉಳಿದುದನ್ನು ಅವನು ಹೊಳೆಗೆ ಎಸೆದನೆಂಬುದೂ ಅದೇ ಪರಂಪರೆಯ ಮಾತು. ಬಳಿಕ ಅವನು ಕೈಹಾಕಿದ್ದು ಪಾಳುಬಿದ್ದ ವಿಠ್ಠಲನ ಗುಡಿಯ ಜೀರ್ಣೋದ್ಧಾರಕ್ಕೆ.

ಇಷ್ಟನ್ನೇ ಓದಿದರೆ ತುಕಾರಾಮನು ದುಃಖವನ್ನು ಮೌನವಾಗಿ ನುಂಗಿಕೊಂಡ ಸ್ಥಿತಪ್ರಜ್ಞನಂತೆ ತೋರಬಹುದು. ಆದರೆ ಅವನ ಅಭಂಗಗಳು ಬೇರೆಯದನ್ನೇ ಸಾರುತ್ತವೆ. ಒಂದೆಡೆ ದಿವಾಳಿಯಾದದ್ದೂ ಬರ ಬಂದದ್ದೂ ಒಳಿತೇ ಆಯಿತೆನ್ನುತ್ತಾನೆ. ಇನ್ನೊಂದೆಡೆ ವಿಠ್ಠಲನನ್ನು ನಿರ್ದಯನೆಂದು ಜರೆಯುತ್ತಾನೆ, ಅವನ ಇರವನ್ನೇ ಶಂಕಿಸುತ್ತಾನೆ, ಅಳುತ್ತಾನೆ. ಈ ಎರಡು ದನಿಗಳಲ್ಲಿ ಯಾವುದು ನಿಜವೆಂದು ಕೇಳುವುದೇ ತಪ್ಪು. ಬೈಗುಳವೂ ವಿಠ್ಠಲನನ್ನೇ ಹುಡುಕಿಕೊಂಡು ಹೋಗುತ್ತದೆಯಲ್ಲವೇ? ಕೇಳಿಸಿಕೊಳ್ಳುವವನಿದ್ದಾನೆ, ಅವನಿಗೆ ಕರುಣೆಯಿರಲೇಬೇಕು ಎಂಬ ಭರವಸೆಯಿಲ್ಲದೆ ಯಾರೂ ಹಾಗೆ ಮುನಿಯಲಾರರು. ನಂಬಿಕೆಯೆಂದರೆ ಭಾವನೆಗಳ ಅಭಾವವಲ್ಲ. ಭಾವನೆಗಳನ್ನು ಒಯ್ಯಬೇಕಾದ ಬಾಗಿಲಿನ ಅರಿವು.

ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ. ಅದೇ ಪಂಢರಪುರದ ವಿಠ್ಠಲನನ್ನು ಅಂಕಿತದಲ್ಲಿ ಹೊತ್ತ ಪುರಂದರದಾಸರು, ತುಕಾರಾಮನಿಗಿಂತ ಮುಂಚೆಯೇ, ನಿಂದಾಸ್ತುತಿಯಲ್ಲಿ ದೇವರನ್ನು ಸಲಿಗೆಯಿಂದ ಛೇಡಿಸಿದ್ದರು. ಬೈಬಲಿನ ಯೋಬನ ಕಥೆಯ ಕೊನೆಯಲ್ಲಿಯೂ ದೇವರ ಕೋಪ ತಿರುಗುವುದು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಗೆಳೆಯರ ಮೇಲೆ.

ಇದರಲ್ಲಿ ನಮಗೊಂದು ಎಚ್ಚರಿಕೆಯಿದೆ. ಬರದಿಂದ ಒಳಿತಾಯಿತೆಂದು ಹೇಳುವ ಹಕ್ಕು ತುಕಾರಾಮನಿಗಿತ್ತು, ಏಕೆಂದರೆ ಕಳೆದುಕೊಂಡವನು ಅವನು. ಸಾವಿನ ಮನೆಗೆ ಹೋದ ನಾವು ಅದೇ ಮಾತನ್ನಾಡಿದರೆ ಅದು ಭಕ್ತಿಯಲ್ಲ, ಕ್ರೌರ್ಯ. ದೇವರು ಒಳ್ಳೆಯವನೆಂಬ ತೀರ್ಮಾನಕ್ಕೆ ದುಃಖಿತನು ತನ್ನದೇ ದಾರಿಯಲ್ಲಿ, ತನ್ನದೇ ಕಾಲದಲ್ಲಿ ಬರಬೇಕು. ಅಲ್ಲಿಯವರೆಗೆ ಅವನ ಜಗಳಕ್ಕೆ ಅಡ್ಡಬಾರದಿರುವುದೇ ನಾವು ಸಲ್ಲಿಸಬಹುದಾದ ಗೌರವ.