ಲೇಸರ್ ದಂತರಕ್ಷಣೆ
ಹಲ್ಲಿನ ಎನಾಮಲ್ ಪದರವನ್ನು ಕೊರೆಯದೆ, ಕಡಿಮೆ ಶಕ್ತಿಯ ಲೇಸರ್ ಕಿರಣದಿಂದ ಕ್ಷಣಮಾತ್ರ ಕಾಯಿಸಿ, ಹುಳುಕನ್ನು ತಡೆಯುವಂತೆ ಅದನ್ನು ಬಲಪಡಿಸುವ ವಿಧಾನ. 1960ರಲ್ಲಿ ಥಿಯೋಡರ್ ಮೈಮನ್ ರೂಬಿ ಲೇಸರ್ ನಿರ್ಮಿಸಿದ ಕೆಲವೇ ವರ್ಷಗಳಲ್ಲಿ, ಲೇಸರ್ ತಾಗಿದ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಕರಗದೆಂದು ಅಮೆರಿಕದ ಸ್ಟರ್ನ್ ಮತ್ತು ಸಾಗ್ನೆಸ್ ತೋರಿಸಿದರು.

ಎನಾಮಲ್‌ನ ತೂಕದಲ್ಲಿ ಸುಮಾರು 96% ಖನಿಜ. ಆದರೆ ಅದು ಶುದ್ಧ ಹೈಡ್ರಾಕ್ಸಿಅಪಟೈಟ್ (ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ) ಅಲ್ಲ. ಅದರ ಹರಳುಗಳಲ್ಲಿ ಕಾರ್ಬೊನೇಟ್ ಸೇರಿರುತ್ತದೆ, ದೌರ್ಬಲ್ಯದ ಮೂಲವೂ ಅದೇ. ಸಕ್ಕರೆ ತಿಂದ ಬ್ಯಾಕ್ಟೀರಿಯಗಳು ಹುಟ್ಟಿಸುವ ಆಮ್ಲದಿಂದ ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ ಕಾರ್ಬೊನೇಟ್ ಹೆಚ್ಚಿರುವ ಭಾಗ ಬೇಗ ಕರಗುತ್ತದೆ. ಲೇಸರಿನ ಬಿಸಿ ಈ ಕಾರ್ಬೊನೇಟನ್ನು ಹೊರಹಾಕುತ್ತದೆ. ಇದಕ್ಕೆ ಇಂಗಾಲದ ಡೈಆಕ್ಸೈಡ್ ಲೇಸರಿನ 9.3 ಮತ್ತು 9.6 ಮೈಕ್ರೊಮೀಟರ್ ತರಂಗಗಳು ವಿಶೇಷವಾಗಿ ಹೊಂದುತ್ತವೆ: ಖನಿಜದ ಫಾಸ್ಫೇಟ್ ಅವುಗಳನ್ನು ಬಲವಾಗಿ ಹೀರುವುದರಿಂದ ಶಾಖ ಮೇಲ್ಪದರದಲ್ಲೇ ಉಳಿಯುತ್ತದೆ. ಲೇಸರಿನ ಸ್ಪಂದನಗಳು ಅತಿ ಚಿಕ್ಕದಾಗಿರಲೇಬೇಕು; ಏಕೆಂದರೆ ಹಲ್ಲಿನ ಒಳಗಿನ ಜೀವಂತ ತಿರುಳು ಕೆಲವೇ ಡಿಗ್ರಿ ಹೆಚ್ಚುವರಿ ಬಿಸಿಗೂ ಘಾಸಿಗೊಳ್ಳಬಹುದು.

ಆರ್ಗಾನ್ ಲೇಸರನ್ನೂ ಪರೀಕ್ಷಿಸಲಾಗಿದೆ. ಫ್ಲೋರೈಡ್ ಜೊತೆಗೂಡಿದಾಗ ರಕ್ಷಣೆ ಹೆಚ್ಚುವುದನ್ನು ಹಲವು ಪ್ರಯೋಗಗಳು ಕಂಡಿವೆ. ಆದರೂ ಪುರಾವೆಯ ಬಹುಪಾಲು ಪ್ರಯೋಗಾಲಯದ್ದು; ಫ್ಲೋರೈಡ್ ಪೇಸ್ಟಿನ ಸ್ಥಾನವನ್ನು ಈ ವಿಧಾನ ತುಂಬದು. ಈಗಾಗಲೇ ಬಿದ್ದ ಕುಳಿಯನ್ನೂ ಮುಚ್ಚದು.