ಪ್ಯಾರಿಸ್‌ನ ಸಂಧಾನ, ಮಂಗಳೂರಿನ ಮುತ್ತಿಗೆ: ನೇತ್ರಾವತಿ ತೀರದಲ್ಲಿ ಅಮೆರಿಕನ್ ಕ್ರಾಂತಿಯ ಪರಿಣಾಮ

ಅಮೆರಿಕದ ಸ್ವಾತಂತ್ರ್ಯ ಸಮರ ಮತ್ತು ಎರಡನೆಯ ಆಂಗ್ಲೋ-ಮೈಸೂರು ಯುದ್ಧ ನಮ್ಮ ಪಠ್ಯಗಳಲ್ಲಿ ಬೇರೆಬೇರೆ ಅಧ್ಯಾಯಗಳು. ಆದರೆ 1783-84ರ ಮಂಗಳೂರಿನ ಮುತ್ತಿಗೆ ಸಾಗಿದ ರೀತಿಯನ್ನು ಮೊದಲನೆಯದನ್ನು ಬಿಟ್ಟು ವಿವರಿಸಲು ಸಾಧ್ಯವಿಲ್ಲ ಎಂಬುದು ಈ ಲೇಖನದ ವಾದ.

1778ರಲ್ಲಿ ಫ್ರಾನ್ಸ್ ಅಮೆರಿಕನ್ನರ ಪರ ನಿಂತಿತು. ಕೂಡಲೇ ಈಸ್ಟ್ ಇಂಡಿಯಾ ಕಂಪನಿ ಭಾರತದ ಫ್ರೆಂಚ್ ನೆಲೆಗಳ ಮೇಲೆ ಬಿದ್ದಿತು. ಅದೇ ವರ್ಷ ಪುದುಚೇರಿ, 1779ರಲ್ಲಿ ಮಾಹೆ ಅದರ ಕೈಸೇರಿದವು. ಮಾಹೆ ಮೈಸೂರಿನ ಹೈದರಾಲಿಗೆ ಫ್ರೆಂಚ್ ಶಸ್ತ್ರಾಸ್ತ್ರ ಬರುತ್ತಿದ್ದ ಬಂದರು. 1780ರ ಜುಲೈಯಲ್ಲಿ ಅವನು ಕರ್ನಾಟಿಕ್ ಮೇಲೆ ದಂಡೆತ್ತಿ ಹೋಗಲು ಈ ನಷ್ಟವೂ ಒಂದು ಕಾರಣ. ಸಮಾನ ಶತ್ರುವಿನ ಅರಿವು ಅಟ್ಲಾಂಟಿಕ್‌ನ ಆಚೆಗೂ ಇತ್ತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರೇ 'ಹೈದರ್ ಅಲಿ'. ಅದರ ಕಪ್ತಾನ ಜೋಶುವಾ ಬಾರ್ನಿ.

ಕರಾವಳಿಯ ರಂಗ ತೆರೆದುಕೊಂಡದ್ದು 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ ಮೇಲೆ. ಜನರಲ್ ಮ್ಯಾಥ್ಯೂಸ್‌ನ ಬೊಂಬಾಯಿ ಸೇನೆ ಬಿದನೂರನ್ನೂ 1783ರ ಮಾರ್ಚ್‌ನಲ್ಲಿ ಮಂಗಳೂರನ್ನೂ ಹಿಡಿಯಿತು. ಹೈದರನ ಮಗ ಟಿಪ್ಪು ಬಿದನೂರನ್ನು ಮರಳಿ ಗೆದ್ದು ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯೊಳಗಿನ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಜಾನ್ ಕ್ಯಾಂಪ್‌ಬೆಲ್. ಹೊರಗೆ ಟಿಪ್ಪುವಿನ ಜೊತೆ ಕೊಸಿನ್ಯಿಯ ಫ್ರೆಂಚ್ ತುಕಡಿ.

ಮಂಗಳೂರು ಮೈಸೂರಿಗೆ ಕಡಲಿನ ಹೆಬ್ಬಾಗಿಲು. ಕರಾವಳಿಯ ಅಕ್ಕಿ ಮಸ್ಕತ್ತಿನವರೆಗೆ ಹೋಗುತ್ತಿತ್ತು. ನರಿಕೊಂಬು, ಪಾಣೆಮಂಗಳೂರು, ಬಂಟ್ವಾಳಗಳನ್ನು ದಾಟಿ ಬರುವ ನೇತ್ರಾವತಿ ಸಮುದ್ರ ಸೇರುವುದೂ ಮಂಗಳೂರಿನ ಬಳಿಯೇ. ಒಳನಾಡು ಟಿಪ್ಪುವಿನ ಹಿಡಿತದಲ್ಲಿದ್ದಾಗ ಕೋಟೆಗೆ ಉಳಿದ ದಾರಿ ಸಮುದ್ರವೊಂದೇ. ಕಾವಲು ಪಡೆಗೆ ಒಳನಾಡಿನಿಂದ ಆಹಾರ ಬರುವಂತಿರಲಿಲ್ಲ.

ಅಷ್ಟರಲ್ಲಿ ಯುರೋಪಿನ ಸುದ್ದಿ ಬಂತು. 1783ರ ಜನವರಿಯಲ್ಲೇ ಬ್ರಿಟನ್ ಮತ್ತು ಫ್ರಾನ್ಸ್ ಪ್ರಾಥಮಿಕ ಸಂಧಾನಕ್ಕೆ ಸಹಿ ಹಾಕಿದ್ದವು. ಅದು ಮಂಗಳೂರಿಗೆ ತಲುಪಿದ್ದು ಮಳೆಗಾಲದಲ್ಲಿ. ಸುದ್ದಿ ತಿಳಿದೊಡನೆ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಮಿತ್ರನನ್ನು ಕಳೆದುಕೊಂಡ ಟಿಪ್ಪು ಆಗಸ್ಟ್ 2ರಂದು ಕದನವಿರಾಮಕ್ಕೆ ಒಪ್ಪಿದ. ಆದರೂ ಕೋಟೆಯ ಸುತ್ತಲಿನ ಬಿಗಿ ಸಡಿಲಲಿಲ್ಲ. ಹಸಿವು ಮತ್ತು ಸ್ಕರ್ವಿ ರೋಗದಿಂದ ಸೊರಗಿದ ಪಡೆ 1784ರ ಜನವರಿ 30ರಂದು ಶರಣಾಯಿತು. ಕ್ಯಾಂಪ್‌ಬೆಲ್ ಕೆಲವೇ ವಾರಗಳಲ್ಲಿ ಬೊಂಬಾಯಿಯಲ್ಲಿ ಕೊನೆಯುಸಿರೆಳೆದ. ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಇಬ್ಬರೂ ಗೆದ್ದ ನೆಲವನ್ನೂ ಸೆರೆಯಾಳುಗಳನ್ನೂ ಹಿಂದಿರುಗಿಸಬೇಕಾಯಿತು.

ಟಿಪ್ಪುವಿಗೆ ಇದು ಗೆಲುವು. ಆದರೆ ಫ್ರೆಂಚ್ ನೆರವು ಯುರೋಪಿನ ರಾಜಕಾರಣಕ್ಕೆ ಕಟ್ಟುಬಿದ್ದದ್ದೆಂಬುದು ಆ ಮಳೆಗಾಲದಲ್ಲೇ ಸ್ಪಷ್ಟವಾಗಿತ್ತು. ಇತ್ತ ಅಮೆರಿಕವನ್ನು ಕಳೆದುಕೊಂಡ ಬ್ರಿಟನ್ ಭಾರತದ ಕಡೆ ಹೆಚ್ಚು ಗಮನ ಕೊಟ್ಟಿತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಸಿದುಕೊಂಡ. 1799ರಲ್ಲಿ ಮಂಗಳೂರು ಸೇರಿದ ಕರಾವಳಿ ಸೀಮೆ ಕೆನರಾ ಕಂಪನಿಯ ಪಾಲಾಯಿತು. ಥಾಮಸ್ ಮನ್ರೋ ಅದರ ಕಲೆಕ್ಟರನಾಗಿ ಕಂದಾಯಕ್ಕೆ ಕೈಹಾಕಿದ.

ಕಂಪನಿಯ ಕಂದಾಯದ ಭಾರ ನದಿಯಂಚಿನ ಊರುಗಳನ್ನು ಕಲಕಿದ್ದು 1837ರಲ್ಲಿ. ಕೊಡಗಿನಿಂದ ಕೆನರಾಕ್ಕೆ ಸೇರಿಸಲಾದ ಅಮರಸುಳ್ಯ, ಪುತ್ತೂರು ಸೀಮೆಗಳಲ್ಲಿ ಧಾನ್ಯದ ಬದಲು ನಗದು ತೆರಿಗೆ ಕೇಳಿದ್ದು ದಂಗೆಗೆ ಕಾರಣವಾಯಿತು. ದಂಗೆಯೆದ್ದವರು ಪಾಣೆಮಂಗಳೂರು, ಬಂಟ್ವಾಳಗಳನ್ನು ಹಾದು ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿದರು. ನರಿಕೊಂಬಿಗೆ ಸಮೀಪದ ನಂದಾವರದ ಲಕ್ಷ್ಮಪ್ಪ ಬಂಗರಸ ಅವರೊಂದಿಗಿದ್ದ. ಬಿಕರ್ನಕಟ್ಟೆಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಇವು ನೇರ ಕಾರಣ-ಪರಿಣಾಮದ ಸರಪಳಿಯಲ್ಲ. ಅಮೆರಿಕ ಗೆದ್ದುದರಿಂದಲೇ ಕರಾವಳಿ ಸೋತಿತೆನ್ನುವುದು ಅತಿಸರಳ. ಆದರೆ ಒಂದೇ ಸಾಮ್ರಾಜ್ಯ ಎರಡು ದಂಡೆಗಳಲ್ಲಿ ಹೋರಾಡುತ್ತಿತ್ತು, ಒಂದು ಕಡೆಯ ಸಂಧಾನ ಇನ್ನೊಂದು ಕಡೆಯ ಸೇನೆಯನ್ನು ನಿಲ್ಲಿಸುತ್ತಿತ್ತು ಎಂಬುದು ದಾಖಲೆಯ ಮಾತು. ನೇತ್ರಾವತಿ ಕಣಿವೆಯ ಊರುಗಳ ಚರಿತ್ರೆಯನ್ನು ಬರೆಯುವವರು ಪ್ಯಾರಿಸ್, ಮದ್ರಾಸಿನ ಕಾಗದಪತ್ರಗಳನ್ನೂ ತಮ್ಮ ಆಕರಗಳೆಂದು ಎಣಿಸಬೇಕು. ಸ್ಥಳೀಯ ಇತಿಹಾಸವೆಂದರೆ ಚಿಕ್ಕ ಇತಿಹಾಸವೆಂಬ ಭಾವನೆಯನ್ನು ಬಿಡದೆ ಈ ನೆಲ ಕಂಡ ನೋವಿನ ಅಳತೆ ನಮಗೆ ಸಿಗುವುದಿಲ್ಲ.